ಎಡವಿದ್ದು ಇಂಗ್ಲಿಷಿನಲ್ಲಲ್ಲ

ಕನ್ನಡ ಮಾಧ್ಯಮದವರು ಮೊದಲ ವರ್ಷದ ಶರೀರಕ್ರಿಯಾಶಾಸ್ತ್ರದಲ್ಲಿ ಹಿಂದೆ ಬೀಳುವುದು ಇಂಗ್ಲಿಷ್ ಪದಗಳಿಂದ, ಅದಕ್ಕೊಂದು ಪದಕೋಶ ಬೇಕು ಎಂದು ಲೇಖನವೊಂದರಲ್ಲಿ ಓದಿದೆ. ಹಿಂದೆ ಬೀಳುವುದು ಪದಗಳಿಂದ ಎಂಬ ಆ ಲೇಖಕರ ಮಾತನ್ನು ನಾನು ಒಪ್ಪುವುದಿಲ್ಲ. ಸೋಮವಾರಪೇಟೆ ಕಡೆಯ ಸರ್ಕಾರಿ ಶಾಲೆಯಲ್ಲಿ ಓದಿ ನರ್ಸಿಂಗ್ ಸೇರಿದವಳು ನಾನು. ಪದಗಳು ಎರಡು ತಿಂಗಳಲ್ಲಿ ನಾಲಿಗೆಗೆ ಹತ್ತಿದವು. ಹತ್ತದೇ ಉಳಿದದ್ದು ಕಾರಣಗಳು. ಜೀವಕೋಶದ ಪೊರೆಯಲ್ಲಿರುವ ಪಂಪ್ ಮೂರು ಸೋಡಿಯಂ ಕಣ ಹೊರಗೆ, ಎರಡು ಪೊಟ್ಯಾಸಿಯಂ ಕಣ ಒಳಗೆ ಸಾಗಿಸುತ್ತದೆ ಎಂದು ಗಿಳಿಯಂತೆ ಒಪ್ಪಿಸುತ್ತಿದ್ದೆ. ಆ ಪಂಪ್ ನಿಂತರೆ ನರಕ್ಕೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ, ಪ್ರಶ್ನೆಪತ್ರಿಕೆಯೂ ಕೇಳಲಿಲ್ಲ.

ರಕ್ತ ಹೆಪ್ಪುಗಟ್ಟುವ ಪಾಠವೂ ಹಾಗೆಯೇ. ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳ, 1ರಿಂದ 13ರವರೆಗಿನ ಪಟ್ಟಿ. (ನಡುವೆ 6 ಇಲ್ಲ. ಏಕೆ ಎಂದು ಕೇಳಿದವಳಿಗೆ ಸಿಕ್ಕಿದ್ದು ‘ಸುಮ್ಮನೆ ಬರೆದುಕೊಳ್ಳಿ’ ಎಂಬ ಉತ್ತರ.) ಆ ಪಾಠ ನನ್ನ ತಲೆಗೆ ಇಳಿದದ್ದು ಮಳೆಗಾಲದ ರಜೆಯಲ್ಲಿ, ಕಾಫಿ ತೋಟದಲ್ಲಿ ಕಾಲಿಗೆ ಜಿಗಣೆ ಹತ್ತಿದಾಗ. ಕಿತ್ತೆಸೆದು ಅರ್ಧ ಗಂಟೆಯಾದರೂ ರಕ್ತ ನಿಲ್ಲಲಿಲ್ಲ. ಜಿಗಣೆಯ ಜೊಲ್ಲು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವವನ್ನು ತಡೆಯುತ್ತದೆ; ಥ್ರಾಂಬಿನ್ ಕೆಲಸ ಮಾಡದಿದ್ದರೆ ರಕ್ತದಲ್ಲಿ ಕರಗಿರುವ ಫೈಬ್ರಿನೋಜನ್ ಎಂಬ ಪ್ರೋಟೀನು ಎಳೆಯಂಥ ಫೈಬ್ರಿನ್ ಆಗದು, ಗಾಯ ಮುಚ್ಚುವ ಬಲೆ ಹೆಣೆಯದು. ಅವ್ವ ಸುಣ್ಣದ ಡಬ್ಬಿ ಹಿಡಿದು ಬರುವಷ್ಟರಲ್ಲಿ ಇಡೀ ಅಧ್ಯಾಯ ಕಣ್ಣ ಮುಂದಿತ್ತು. ಹುಟ್ಟಿದಾಗಿನಿಂದ ಜಿಗಣೆ ಕಚ್ಚಿಸಿಕೊಂಡ ನಮ್ಮಂಥವರು ತರಗತಿಯಲ್ಲಿ ಅರ್ಧದಷ್ಟಿದ್ದೆವು. ಆ ಪಾಠದಲ್ಲಿ ಅದರ ಹೆಸರೇ ಬರಲಿಲ್ಲ.

ಲೇಖಕರು ಸೂಚಿಸಿದ ಪದಕೋಶ ಬರಲಿ, ಬೇಡವೆನ್ನುವುದಿಲ್ಲ. ಅದನ್ನೂ ಬಾಯಿಪಾಠ ಮಾಡಿಸದಿದ್ದರೆ ಸಾಕು.