ಕೂಗಿನ ಲೆಕ್ಕ

ತೊಗರಿಬೇಳೆ ಬೇಯಲು ಎಷ್ಟು ಹೊತ್ತು ಬೇಕು ಎಂದು ಮೈಸೂರಿನ ಯಾವ ಅಡುಗೆಮನೆಯಲ್ಲಿ ಕೇಳಿದರೂ ನಿಮಿಷಗಳ ಲೆಕ್ಕದಲ್ಲಿ ಉತ್ತರ ಸಿಕ್ಕುವುದು ಅಪರೂಪ. "ಮೂರು ಕೂಗು" ಎನ್ನುತ್ತಾರೆ. ಬೇಳೆ ತುಸು ಹಳೆಯದಾಗಿದ್ದರೆ "ನಾಲ್ಕು ಕೂಗಿಸಿಬಿಡಿ" ಎನ್ನುತ್ತಾರೆ. ಅಕ್ಕಿಗೆ ಪಾವು, ಹೂವಿಗೆ ಮೊಳ, ವೀಳ್ಯದೆಲೆಗೆ ಕಟ್ಟು ಇರುವ ಊರಿನಲ್ಲಿ ಬೇಳೆ ಬೇಯಿಸುವುದಕ್ಕೆ ಕುಕ್ಕರಿನ ಕೂಗು. ಮೊಳದ ವಿಷಯದಲ್ಲಾದರೂ ಹೂ ಮಾರುವವಳ ಕೈ ಎಷ್ಟು ಗಿಡ್ಡ ಎಂದು ದೇವರಾಜ ಮಾರುಕಟ್ಟೆಯಲ್ಲಿ ನಿಂತು ವಾದ ಮಾಡಬಹುದು. ಒಂದು ಕೂಗು ಎಷ್ಟು ಉದ್ದವಿರಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು ಹೋಗಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ. ಆದರೂ ಈ ಅಳತೆಯನ್ನೇ ನಂಬಿಕೊಂಡು ಊರಿಗೆ ಊರೇ ತೊವ್ವೆ, ಹುಳಿ, ಸಾರು ಉಂಡು ಕೈತೊಳೆದಿದೆ.

ಕುಕ್ಕರ್ ತಯಾರಿಸುವವರಿಗೆ ನಮ್ಮ ಈ ಲೆಕ್ಕ ಒಪ್ಪಿಗೆಯಾಗಿದ್ದಂತೆ ಕಾಣುವುದಿಲ್ಲ. ಹೊಸ ಕುಕ್ಕರಿನ ಪೆಟ್ಟಿಗೆಯೊಳಗೆ ಅವರು ಒಂದು ಪುಸ್ತಕವನ್ನು ಇಟ್ಟಿರುತ್ತಾರೆ. ಒತ್ತಡ ತುಂಬಿ ಹಬೆ ಹೊರಡುತ್ತಿದ್ದಂತೆ ಉರಿ ತಗ್ಗಿಸಬೇಕು, ಆಮೇಲೆ ಗಡಿಯಾರ ನೋಡಿಕೊಂಡು ಇಂತಿಷ್ಟು ನಿಮಿಷ ಬಿಡಬೇಕು ಎಂಬುದು ಅಂಥ ಪುಸ್ತಕದ ಸಾರಾಂಶ. ನಾವು ಅದನ್ನು ಗ್ಯಾರಂಟಿ ಚೀಟಿಯ ಜೊತೆಗೆ ಭದ್ರವಾಗಿ ಎತ್ತಿಟ್ಟು, ಉರಿಯನ್ನು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ದೊಡ್ಡದಾಗಿ ಉರಿಸಿ, ಕೂಗು ಎಣಿಸುತ್ತೇವೆ. ಹಾಕಿನ್ಸ್ ಮತ್ತು ಪ್ರೆಸ್ಟೀಜ್ ಎರಡೂ ನಮ್ಮ ದೇಶದಲ್ಲಿ ಕುಕ್ಕರ್ ತಯಾರಿಕೆಯನ್ನು ಶುರುಮಾಡಿದ್ದು 1959ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪುಸ್ತಕಕ್ಕೂ ನಮಗೂ ಈ ವಿಷಯದಲ್ಲಿ ರಾಜಿ ಆಗಿಲ್ಲ.

ಪುಸ್ತಕದ ವಾದವನ್ನೂ ನ್ಯಾಯವಾಗಿ ಕೇಳಬೇಕು. ಮೈಸೂರು ಸಮುದ್ರಮಟ್ಟಕ್ಕಿಂತ 750 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ, ತೆರೆದ ಪಾತ್ರೆಯಲ್ಲಿ ಇಟ್ಟ ನೀರು ಇಲ್ಲಿ 100 ಡಿಗ್ರಿ ಸೆಲ್ಸಿಯಸ್ ಮುಟ್ಟುವುದೇ ಇಲ್ಲ. 97–98ರ ಆಸುಪಾಸಿನಲ್ಲಿಯೇ ಕುದಿಯತೊಡಗಿ ಅಲ್ಲಿಯೇ ನಿಂತುಬಿಡುತ್ತದೆ. ಎಷ್ಟು ಸೌದೆ ಒಟ್ಟಿದರೂ ಹೆಚ್ಚಿನ ಕಾವೆಲ್ಲ ಹಬೆಯಾಗಿ ಹೋಗುತ್ತದೆಯೇ ಹೊರತು ಬೇಳೆಗೆ ತಾಗುವುದಿಲ್ಲ. ಕುಕ್ಕರಿನ ಮುಚ್ಚಳದ ನಳಿಕೆಯ ಮೇಲೆ ಕೂರುವ ವೇಟು ಈ ಹಬೆಯನ್ನು ತಡೆದು ನಿಲ್ಲಿಸಿ, ಒಳಗಿನ ಒತ್ತಡವನ್ನು ಹೊರಗಿನದರ ಸುಮಾರು ಎರಡರಷ್ಟಕ್ಕೆ ಏರಿಸುತ್ತದೆ. ಆಗ ನೀರು ಕುದಿಯಬೇಕಾದರೆ 120 ಡಿಗ್ರಿಯ ಹತ್ತಿರಕ್ಕೆ ಹೋಗಬೇಕಾಗುತ್ತದೆ. ಪ್ರತಿ ಹತ್ತು ಡಿಗ್ರಿಗೆ ಬೇಯುವ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಹಿಡಿದರೆ, ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಸತಾಯಿಸುವ ಬೇಳೆ ಇದರಲ್ಲಿ ಹತ್ತು ನಿಮಿಷಕ್ಕೆ ಏಕೆ ಶರಣಾಗುತ್ತದೆ ಎಂಬುದು ತಿಳಿಯುತ್ತದೆ. ಒತ್ತಡ ವೇಟಿನ ಮಿತಿಯನ್ನು ಮೀರಿದಾಗ ಹಬೆ ಅದನ್ನು ಎತ್ತಿ ಹೊರಬರುವ ಸದ್ದೇ ಕೂಗು. ಅಷ್ಟು ಹೊತ್ತಿಗೆ ಒಳಗಿನ ಶಾಖ ಏರಬೇಕಾದಷ್ಟು ಏರಿಯಾಗಿರುತ್ತದೆ. ಇನ್ನೂ ಕೂಗಿಸಿದರೆ ನೀರು ಕಡಿಮೆಯಾಗುತ್ತದೆ, ಗ್ಯಾಸು ಖರ್ಚಾಗುತ್ತದೆ. ಶಾಸ್ತ್ರದ ಪ್ರಕಾರ ನೋಡಿದರೆ, ಬೇಳೆ ಬೆಂದಿತು ಎಂದು ನಾವು ತಿಳಿದುಕೊಂಡಿರುವ ಸುದ್ದಿ ನಿಜವಾಗಿ ಉರಿ ಹೆಚ್ಚಾಯಿತು ಎಂಬ ದೂರು.

1679ರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಎಂಬಾತ ಲಂಡನ್ನಿನಲ್ಲಿ ಇಂಥ ಪಾತ್ರೆಯೊಂದನ್ನು ಮಾಡಿ ತೋರಿಸಿದಾಗ ಅವನ ಗಮನವೆಲ್ಲ ಗಟ್ಟಿ ಮೂಳೆಗಳನ್ನು ಮೆತ್ತಗೆ ಮಾಡುವುದರ ಮೇಲಿತ್ತು. ಪಾತ್ರೆ ಸಿಡಿಯದಿರಲೆಂದು ಅವನೇ ಅದಕ್ಕೆ ತೂಕ ಹೇರಿದ ಕವಾಟವನ್ನೂ ಕಲ್ಪಿಸಿದ. ಪ್ರಾಣರಕ್ಷಣೆಗೆಂದು ಹುಟ್ಟಿದ ಆ ಕವಾಟದ ವಂಶದ ವೇಟನ್ನು ನಾವು ಗಡಿಯಾರ ಮಾಡಿಕೊಂಡಿದ್ದೇವೆ.

ಇಷ್ಟೆಲ್ಲ ತಿಳಿದ ಮೇಲೂ ನಾನು ಕೂಗಿನ ಪಕ್ಷದವನೇ. ಒಂದು ಮನೆಯಲ್ಲಿ ಕುಕ್ಕರು ಅದೇ, ಒಲೆ ಅದೇ, ಅದನ್ನು ಇಡುವುದು ಎಡಗಡೆಯ ದೊಡ್ಡ ಬರ್ನರಿನ ಮೇಲೆಯೇ. ಬೇಳೆ ಅಳೆಯುವ ಲೋಟ ಯಾವುದೋ ಮದುವೆಯಲ್ಲಿ ಉಡುಗೊರೆ ಬಂದದ್ದು, ಇಪ್ಪತ್ತು ವರ್ಷದಿಂದ ಬದಲಾಗಿಲ್ಲ. ನೀರು ಹಾಕುವ ಕೈ ಒಂದೇ, ಉರಿಯ ಗುಂಡಿಯನ್ನು ತಿರುಗಿಸುವ ಕೈಯೂ ಒಂದೇ. ಇಷ್ಟೆಲ್ಲ ಕದಲದೆ ಇರುವಾಗ ಮೊದಲ ಕೂಗಿಗೆ ಎಷ್ಟು ನಿಮಿಷ, ಮೂರನೆಯದಕ್ಕೆ ಎಷ್ಟು ನಿಮಿಷ ಎಂಬುದೂ ಕದಲುವುದಿಲ್ಲ. ಆ ಮನೆಯ ಮಟ್ಟಿಗೆ ಮೂರು ಕೂಗು ಎಂಬುದು ಗಡಿಯಾರದಷ್ಟೇ ಖಚಿತ. ತೊಂದರೆ ಬರುವುದು ಆ ಲೆಕ್ಕ ಮನೆಯ ಹೊಸಿಲು ದಾಟಿದಾಗ. ಸರಸ್ವತಿಪುರಂನಲ್ಲಿ ಮೂರು ಕೂಗಿಗೆ ಬೆಣ್ಣೆಯಾಗುತ್ತಿದ್ದ ಬೇಳೆ ಮಗಳ ಮನೆಯಲ್ಲಿ ಐದಕ್ಕೂ ಕಾಳುಕಾಳಾಗಿ ಉಳಿಯುತ್ತದೆ, ಫೋನು ಬರುತ್ತದೆ.

"ಅಮ್ಮಾ, ನೀನು ಹೇಳಿದ ಹಾಗೇ ಮೂರು ಕೂಗಿಸ್ದೆ. ಬೆಂದೇ ಇಲ್ಲ."

"ಯಾವ ಒಲೆ ಮೇಲೆ ಇಟ್ಟಿದ್ದೆ? ಕರೆಂಟಿನದಾ?"

"ಹೂಂ, ಇಂಡಕ್ಷನ್ದು."

"ಅದು ಬೇಗ ಬೇಗ ಕೂಗತ್ತೆ ಕಣೇ. ಅದರ ಕೂಗು ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿಲ್ಲದ ಕೂಗು ಎಂಬ ಈ ವರ್ಗೀಕರಣ ಯಾವ ಪುಸ್ತಕದಲ್ಲಿಯೂ ನನಗೆ ಸಿಕ್ಕಿಲ್ಲ. ಆದರೆ ಅದರ ಭೌತಶಾಸ್ತ್ರ ಸರಿಯಾಗಿಯೇ ಇದೆ: ಬಿರುಸಾದ ಕಾವಿನಲ್ಲಿ ಮೂರು ಕೂಗು ಬೇಗ ಮುಗಿದುಹೋಗುತ್ತವೆ, ಬೇಳೆ ಹೆಚ್ಚಿನ ಶಾಖದಲ್ಲಿ ಕಳೆಯಬೇಕಾದ ಹೊತ್ತು ಕಳೆದಿರುವುದಿಲ್ಲ.

ಎಣಿಸುವ ಕೆಲಸ ಯಾರದು ಎಂಬುದು ಬೇರೆಯೇ ಪ್ರಶ್ನೆ. ಅಡುಗೆ ಮಾಡುವವರು ಸ್ನಾನಕ್ಕೋ ಹೂವು ಕೀಳಲಿಕ್ಕೋ ಹೋಗುವಾಗ ನಡುಮನೆಯಲ್ಲಿ ಪತ್ರಿಕೆ ಓದುತ್ತ ಕೂತವರಿಗೆ "ಮೂರಾದ ಮೇಲೆ ಆರಿಸಿಬಿಡಿ" ಎಂದು ಅಧಿಕಾರ ಹಸ್ತಾಂತರಿಸಿ ಹೋಗುತ್ತಾರೆ. ಕೂತವರು ಮೊದಲನೆಯದನ್ನು ಎಣಿಸುತ್ತಾರೆ. ಎರಡನೆಯದು ಬರುವ ಹೊತ್ತಿಗೆ ಸಂಪಾದಕೀಯದಲ್ಲಿರುತ್ತಾರೆ. ಅರ್ಧಕ್ಕೇ ನಿಂತ ಕೂಗನ್ನು ಒಂದೆಂದು ಹಿಡಿಯಬೇಕೋ ಬಿಡಬೇಕೋ ಎಂಬ ಧರ್ಮಸೂಕ್ಷ್ಮವೂ ಇದೆ. ಗೋಡೆಗೆ ಗೋಡೆ ಅಂಟಿಕೊಂಡಿರುವ ಅಗ್ರಹಾರದಂಥ ಕಡೆಗಳಲ್ಲಿ ಪಕ್ಕದ ಮನೆಯ ಕೂಗೂ ನಮ್ಮ ಖಾತೆಗೆ ಜಮೆಯಾಗಿಬಿಡುತ್ತದೆ. ಅಡುಗೆ ಮಾಡುವವರ ಕಿವಿ ಮಾತ್ರ ಇದರಲ್ಲಿ ಮೋಸಹೋಗುವುದಿಲ್ಲ. ತಮ್ಮ ಮನೆಯ ವೇಟಿನ ಕಂಠವನ್ನು ಅವರು ಬಚ್ಚಲಿನೊಳಗಿಂದಲೇ ಗುರುತಿಸಿ, "ಅದು ಪಕ್ಕದವರದು, ಆರಿಸಬೇಡಿ" ಎಂದು ಕೂಗಿ ಹೇಳುತ್ತಾರೆ.

ಕೂಗೇ ಬರದ ದಿನಗಳೂ ಉಂಟು. ಮುಚ್ಚಳದ ಅಂಚಿನಿಂದ ಬುಸುಬುಸು ಎಂದು ಹಬೆ ಸೋರಿದರೆ ಅದು ಗ್ಯಾಸ್ಕೆಟ್ಟಿನ ದೋಷ. ಕಾವು ಕುಡಿದು ಕುಡಿದು ಸಡಿಲವಾದ ಆ ರಬ್ಬರ್ ಬಳೆಯನ್ನು ತಣ್ಣೀರಿನಲ್ಲೋ ಫ್ರೀಜರಿನಲ್ಲೋ ಇಟ್ಟು, ಕುಗ್ಗಿದ ಮೇಲೆ ಮತ್ತೆ ಹಾಕಿ ಒಂದೆರಡು ದಿನ ನೂಕುವುದನ್ನು ನೋಡಿದ್ದೇನೆ. ಆ ಒಂದೆರಡು ದಿನ ಒಂದೆರಡು ತಿಂಗಳಾಗುವುದೂ ವಾಡಿಕೆ. ಕೊನೆಗೆ ಸೈಕಲ್ಲಿಗೆ ಚೀಲ ಕಟ್ಟಿಕೊಂಡು "ಕುಕ್ಕರ್ ರಿಪೇರಿ, ಸ್ಟೌ ರಿಪೇರಿ" ಎಂದು ಬೀದಿಯಲ್ಲಿ ಬರುವವನನ್ನು ನಿಲ್ಲಿಸಬೇಕು. ಆತ ಜಗಲಿಯ ಮೇಲೆ ಕೂತು ನಳಿಕೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ತಂತಿ ತೂರಿಸಿ ಆಡಿಸಿದರೆ ಒಣಗಿ ಗಟ್ಟಿಯಾದ ಬೇಳೆಯ ಸಿಪ್ಪೆಯೊಂದು ಉದುರುತ್ತದೆ. ನಳಿಕೆ ಮುಚ್ಚಿಕೊಂಡರೆ ಒಳಗಿನ ಒತ್ತಡಕ್ಕೆ ದಾರಿ ಎಲ್ಲಿ ಎಂದು ಆತ ಕೇಳುವ ಪ್ರಶ್ನೆ ಗಂಭೀರವಾದದ್ದೇ. ಮಿತಿ ಮೀರಿದ ಶಾಖಕ್ಕೆ ಕರಗಿ ಹಬೆ ಬಿಡುವ ಸೇಫ್ಟಿ ವಾಲ್ವ್ ಇರುವುದು ಇಂಥ ಹೊತ್ತಿಗೆಂದೇ. ಬೇಳೆ ನೊರೆಯುಕ್ಕುವ ಪದಾರ್ಥವಾದ್ದರಿಂದ ಕುಕ್ಕರಿನಲ್ಲಿ ಅರ್ಧಕ್ಕಿಂತ ಮೇಲೆ ತುಂಬಬಾರದು. ಇದೊಂದು ವಿಷಯದಲ್ಲಿ ಪುಸ್ತಕ, ರಿಪೇರಿಯವನು, ಅಜ್ಜಿ ಮೂವರೂ ಒಮ್ಮತದಲ್ಲಿದ್ದಾರೆ. ಒಂದು ಚಮಚ ಎಣ್ಣೆ, ಚಿಟಿಕೆ ಅರಿಸಿನ ಹಾಕಿದರೆ ನೊರೆ ಅಷ್ಟಾಗಿ ಏಳುವುದಿಲ್ಲ. ಹಿಂದೆ ಅದು ಹರಳೆಣ್ಣೆಯೇ ಆಗಿರುತ್ತಿತ್ತು. ಹುಳ ಬೀಳದಿರಲೆಂದು ಡಬ್ಬಿಯ ಬೇಳೆಗೆ ಸವರಿಡುತ್ತಿದ್ದುದೂ ಅದನ್ನೇ.

ನಮ್ಮ ಕಡೆ ಬೇಳೆಯನ್ನು ಕುಕ್ಕರಿಗೆ ನೇರವಾಗಿ ಸುರಿಯುವುದಕ್ಕಿಂತ ಪಾತ್ರೆಯಲ್ಲಿಟ್ಟು ಬೇಯಿಸುವುದೇ ಹೆಚ್ಚು: ಅಡಿಗೆ ನೀರು, ಅದರ ಮೇಲೆ ತೂತಿನ ತಟ್ಟೆ, ಮೊದಲು ಬೇಳೆಯ ಪಾತ್ರೆ, ಮೇಲೆ ಅಕ್ಕಿಯದು. ಅಡಿಯ ನೀರಿಗೆ ಹಿಂಡಿದ ನಿಂಬೆಹೋಳನ್ನೋ ಹುಣಸೆಹಣ್ಣಿನ ಗಷ್ಟನ್ನೋ ಹಾಕುತ್ತಾರೆ. ಅದು ರುಚಿಗಲ್ಲ, ಅಲ್ಯೂಮಿನಿಯಂ ಕಪ್ಪಾಗದಿರಲೆಂದು. ನೀರಿನ ಕ್ಷಾರಗುಣವನ್ನು ಹುಳಿ ಮುರಿಯುತ್ತದೆ. ಅದೇ ಹುಳಿ ಮೇಲಿನ ಪಾತ್ರೆಗೆ ಬಿದ್ದರೆ ಬೇಳೆ ಬೇಯುವುದಿಲ್ಲ. ಹುಣಸೆ ರಸ ಬೇಳೆ ಬೆಂದ ಮೇಲೆಯೇ ಎಂಬ ನಿಯಮ ಅದಕ್ಕಾಗಿಯೇ ಇರುವುದು.

ಕೂಗಿನ ಲೆಕ್ಕವನ್ನು ನಿಜವಾಗಿ ಕೆಡಿಸುವುದು ನೀರು. ಮೈಸೂರಿನ ನಲ್ಲಿಯಲ್ಲಿ ಕಾವೇರಿ ಬರುತ್ತಿರುವವರೆಗೆ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ. ನಲ್ಲಿ ನಿಂತು ಬೋರ್‌ವೆಲ್ ನೀರಿಗೆ ಬಿದ್ದ ದಿನವೇ ಬೇಳೆ ಹಟ ಹಿಡಿಯುತ್ತದೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಎಂಬ ದ್ರವ್ಯದೊಡನೆ ಕೂಡಿಕೊಂಡು ಅದನ್ನು ಇನ್ನಷ್ಟು ಬಿಗಿಮಾಡುತ್ತದೆ. ಬೇಯುವುದು ಎಂದರೆ ಆ ಅಂಟು ಬಿಡುವುದು ತಾನೇ? ಬಿಡಬೇಕಾದದ್ದು ಬಿಗಿಯಾದರೆ ಏಳು ಕೂಗಿಗೂ ಕಾಳು ಕಾಳಾಗಿಯೇ ಇರುತ್ತದೆ. ಮಂಡ್ಯ ಜಿಲ್ಲೆಯ ಬೋರ್‌ವೆಲ್ ಊರುಗಳಿಂದ ಬರುವ ನೆಂಟರು ಮೈಸೂರಿನಲ್ಲಿ ಉಂಡು "ನಿಮ್ಮ ನೀರಿಗೆ ಬೇಳೆ ಚೆನ್ನಾಗಿ ಬೇಯ್ತದೆ" ಎಂದು ಹೊಗಳುವುದು ಹೀಗೆ. ಅಡುಗೆ ಮಾಡಿದವರಿಗೆ ಅದರಲ್ಲಿ ಯಾವ ಪಾಲೂ ಇರುವುದಿಲ್ಲ. ಸೋಡಾ ಚಿಟಿಕೆ ಹಾಕಿದರೆ ಎಂಥ ನೀರಿನಲ್ಲಿಯೂ ಬೇಯುತ್ತದೆ ನಿಜ. ಆದರೆ ಬಿ1 ಜೀವಸತ್ವ ನಾಶವಾಗುತ್ತದೆ, ಸಾರಿಗೆ ಒಂದು ಸಾಬೂನಿನ ಒಗರೂ ಬರುತ್ತದೆ. ನನಗೆ ಅದು ಸೇರುವುದಿಲ್ಲ. ಅರ್ಧ ಗಂಟೆ ನೆನೆಹಾಕುವುದು ವಾಸಿ.

ಬೇಳೆಯ ಊರೂ ಕೂಗನ್ನು ಬದಲಿಸುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕಲಬುರಗಿ ತೊಗರಿಯ ಬೇಳೆಗೂ, ಎಲ್ಲಿಂದಲೋ ಬಂದು ಗೋದಾಮಿನಲ್ಲಿ ಬೇಸಿಗೆ ಕಳೆದ ಬೇಳೆಗೂ ಒಂದೇ ಲೆಕ್ಕ ನಡೆಯುವುದಿಲ್ಲ. ಹಿಂದೆ ಹಳ್ಳಿಗಳಲ್ಲಿ ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೀಸುವ ಕಲ್ಲಿನಲ್ಲಿ ಒಡೆಯುತ್ತಿದ್ದರು. ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಶುರುವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಸಣ್ಣ ಬೇಳೆ ಗಿರಣಿಯನ್ನು ರೂಪಿಸಿ ಆ ಶ್ರಮವನ್ನು ಇಳಿಸಿತು. ಹಾಗೆ ನೋಡಿದರೆ ತೊಗರಿಯಿಂದ ತೊವ್ವೆಯವರೆಗಿನ ದಾರಿಯ ಮೊದಲ ಭಾಗಕ್ಕೆ ವಿಜ್ಞಾನಿಗಳು ಈ ಊರಿನಲ್ಲಿಯೇ ಇದ್ದಾರೆ. ಕೊನೆಯ ಭಾಗವನ್ನು ಅವರ ಮನೆಗಳಲ್ಲಿಯೂ ಕೂಗೇ ನಡೆಸುತ್ತಿರಬೇಕು.

ಆರಿಸಿದ ಮೇಲೆ ತಾಳ್ಮೆ ಬೇಕು. ವೇಟನ್ನು ಸೌಟಿನ ತುದಿಯಿಂದ ಎತ್ತಿ ಹಬೆ ಬಿಡುವವರು ಒಂದು ಅರ್ಥದಲ್ಲಿ ಅಡುಗೆಯನ್ನು ನಡುವೆಯೇ ನಿಲ್ಲಿಸಿದಂತೆ, ಏಕೆಂದರೆ ಒತ್ತಡ ತಾನಾಗಿ ಇಳಿಯುವ ಆ ಹೊತ್ತಿನಲ್ಲಿಯೂ ಬೇಳೆ ಬೇಯುತ್ತಲೇ ಇರುತ್ತದೆ. ಇಳಿದ ಮೇಲೆ ಮುಚ್ಚಳ ತೆಗೆದರೆ ಮೇಲೆ ಅರಿಸಿನ ಬಣ್ಣದ ತಿಳಿನೀರು, ಅದರಡಿಯಲ್ಲಿ ಆಕಾರ ಉಳಿಸಿಕೊಂಡಂತೆ ಕಾಣುವ ಬೇಳೆ. ಸೌಟಿನ ಬೆನ್ನು ತಾಗಿಸಿದರೆ ಆ ಆಕಾರ ನಿಲ್ಲುವುದಿಲ್ಲ, ಎರಡು ಸುತ್ತಿಗೆ ಎಲ್ಲ ಒಂದಾಗುತ್ತದೆ. ತೊವ್ವೆಗಾದರೆ ಇನ್ನು ಹೆಚ್ಚು ಕೆಲಸವಿಲ್ಲ: ಉಪ್ಪು, ಜಜ್ಜಿದ ಶುಂಠಿ, ಸೀಳಿದ ಹಸಿಮೆಣಸಿನಕಾಯಿ ಹಾಕಿ ಒಂದು ಕುದಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ, ಇಳಿಸಿದ ಮೇಲೆ ನಿಂಬೆರಸ. ತೆಂಗಿನತುರಿ ಹಾಕುವವರಿದ್ದಾರೆ, ಬೇಳೆಯ ರುಚಿಯೇ ಬೇಕೆಂದರೆ ಬೇಡ. ಹುಳಿಗಾದರೆ ಈರನಗೆರೆ ಬದನೆಕಾಯಿಯನ್ನು ಬೇರೆಯಾಗಿ ಬೇಯಿಸಿಕೊಂಡು ಕೂಡಿಸಬೇಕು, ಬೆಲ್ಲದ ಚೂರೂ ಬೀಳಬೇಕು.

ಮಂಡ್ಯದ ಕಡೆ ಹೋದರೆ ಕುಕ್ಕರಿನ ದರ್ಬಾರು ಇಷ್ಟು ನಡೆಯುವುದಿಲ್ಲ. ಬಸ್ಸಾರಿಗೆ ಕಾಳೂ ಸೊಪ್ಪೂ ಬೇಯಬೇಕು, ಆದರೆ ಒಡೆಯಬಾರದು. ಬಸಿದ ನೀರು ಸಾರಿಗೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯಕ್ಕೆ. ಒಂದು ಕೂಗು ಹೆಚ್ಚಾದರೂ ಬಸಿಯುವುದಕ್ಕೆ ಏನೂ ಉಳಿಯುವುದಿಲ್ಲ, ಎಲ್ಲ ಗಂಜಿ. ಉಪ್ಸಾರಿನದೂ ಇದೇ ಕಥೆ: ಮುದ್ದೆಯ ಪಕ್ಕದಲ್ಲಿ ಬಸಿದ ನೀರು ನೀರಾಗಿಯೇ ಇರಬೇಕು, ಖಾರ ಬೇರೆಯಾಗಿಯೇ ಇರಬೇಕು. ಅಲ್ಲಿ ಕಾಳನ್ನು ತೆರೆದ ಪಾತ್ರೆಯಲ್ಲಿಟ್ಟು, ಒಂದೆರಡನ್ನು ಬೆರಳಲ್ಲಿ ಹಿಸುಕಿ ನೋಡುವುದೇ ಸರಿಯಾದ ಕ್ರಮ.

ಯುಗಾದಿಯ ಒಬ್ಬಟ್ಟಿಗೆ ಮೈಸೂರಿನವರೂ ಕುಕ್ಕರನ್ನು ಪಕ್ಕಕ್ಕೆ ಸರಿಸಿ ಅಗಲ ಬಾಯಿಯ ಪಾತ್ರೆ ಇಡುತ್ತಾರೆ. ಹೂರಣದ ಬೇಳೆ ಹಿಸುಕಿದರೆ ಪುಡಿಯಾಗಬೇಕು, ಹಿಸುಕದಿದ್ದರೆ ಇಡಿಯಾಗಿರಬೇಕು. ಇಷ್ಟು ನಾಜೂಕಿನ ಬೇಡಿಕೆಗೆ ಕೂಗಿನಲ್ಲಿ ಉತ್ತರವಿಲ್ಲ. ಬೇಳೆ ಬಸಿದ ಕಟ್ಟಿನಿಂದ ಮಾಡುವ ಒಬ್ಬಟ್ಟಿನ ಸಾರು ಮರುದಿನಕ್ಕೆ ಇನ್ನೂ ರುಚಿಯಾಗುತ್ತದೆ ಎನ್ನುತ್ತಾರೆ. ಅದನ್ನು ಪರೀಕ್ಷಿಸುವಷ್ಟು ಸಾರು ನಮ್ಮ ಮನೆಯಲ್ಲಿ ಉಳಿಯುವುದು ಕಡಿಮೆ.