‘ಯಾವಾಗಲೂ ಅನುಮತಿಸು’ ಒತ್ತಿದವರಿಗೆ ಅಭಿನಂದನೆ

ಬ್ಲೆಂಡರ್ ಅನ್ನೋ 3ಡಿ ಚಿತ್ರ ಕಟ್ಟುವ ಸಾಫ್ಟ್‌ವೇರ್ ತೆರೆದವರಿಗೆಲ್ಲ ಗೊತ್ತು, ಪರದೆಯ ನಡುವೆ ಬೂದು ಬಣ್ಣದ ಒಂದು ಕ್ಯೂಬ್ ಕೂತಿರುತ್ತದೆ, ಜೊತೆಗೊಂದು ಕ್ಯಾಮೆರಾ, ಒಂದು ಲೈಟ್. ಆ ಕ್ಯೂಬನ್ನು ಅಳಿಸಿಯೇ ಕೆಲಸ ಶುರು ಮಾಡುವುದು ಈ ಕಸುಬಿನವರ ಪದ್ಧತಿ. ಎಕ್ಸ್ ಒತ್ತು, ಎಂಟರ್ ಒತ್ತು, ಆಯ್ತು. ಇಷ್ಟೊಂದು ಹಿಂದುಳಿದ ವಿಧಾನ ಇನ್ನು ಯಾರಿಗೂ ಬೇಕಿಲ್ಲ. ಎಐ ಸಹಾಯಕನಿಗೆ “ಆ ಕ್ಯೂಬ್ ತೆಗೆದುಬಿಡಪ್ಪ” ಅಂತ ಟೈಪ್ ಮಾಡಿದರೆ ಸಾಕು. ಅದು ಮೊದಲು ನಿಮ್ಮ ಯೋಚನೆಯನ್ನು ಹೊಗಳುತ್ತದೆ, ಆಮೇಲೆ ಕೆಲಸದ ಯೋಜನೆ ಹಾಕುತ್ತದೆ, ಆಮೇಲೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಪಟ್ಟಿ, ಬರೆಯುತ್ತದೆ, ನೀವು ಅನುಮತಿ ಕೊಡುತ್ತೀರಿ, ಕ್ಯೂಬ್ ಹೋಗುತ್ತದೆ. ಕ್ಯಾಮೆರಾ, ಲೈಟ್ ಕೂಡ ಹೋಗುತ್ತವೆ.

ಅದರ ತಪ್ಪೇನೂ ಇಲ್ಲ ಬಿಡಿ. ಕಲಿಯುವವರಿಗೆ ಅಂತ ಬರೆದ ಬ್ಲೆಂಡರ್ ಸ್ಕ್ರಿಪ್ಟುಗಳಲ್ಲಿ ಎಷ್ಟೋ ಶುರುವಾಗುವುದೇ ಎರಡು ಸಾಲಿನಿಂದ: ಎಲ್ಲವನ್ನೂ ಸೆಲೆಕ್ಟ್ ಮಾಡು, ಡಿಲೀಟ್ ಮಾಡು. ಖಾಲಿ ಸೀನ್‌ನಲ್ಲಿ ಅದು ಒಳ್ಳೆಯ ಅಭ್ಯಾಸ. ಅಂಥವನ್ನೇ ಓದಿ ಬೆಳೆದ ಸಹಾಯಕನಿಗೆ, ನೀವು ವಾರಗಟ್ಟಲೆ ಕೂತು ಕಟ್ಟಿದ ಅರಮನೆಗೆ “ಒಂದು ಕಿಟಕಿ ಸೇರಿಸು” ಅಂತ ಹೇಳಿ ನೋಡಿ. “ಕಿಟಕಿ ಯಶಸ್ವಿಯಾಗಿ ಸೇರಿಸಿದ್ದೇನೆ!” ಅನ್ನುತ್ತದೆ. ಸುಳ್ಳಲ್ಲ. ಕಿಟಕಿ ಇದೆ. ಕಿಟಕಿ ಮಾತ್ರ ಇದೆ.

ಈಗ ಅಸಲಿ ತಮಾಷೆಗೆ ಬರೋಣ. ಬ್ಲೆಂಡರ್‌ಗೆ ಮೊದಲಿನಿಂದಲೂ ಒಂದು ಭಯ ಇದೆ. ಅದರ ಫೈಲ್ ಒಳಗೆ ಪೈಥಾನ್ ಸ್ಕ್ರಿಪ್ಟ್ ಬಚ್ಚಿಡಬಹುದು, ಆ ಪೈಥಾನ್‌ಗೆ ಸುತ್ತ ಬೇಲಿ ಅಂತ ಏನೂ ಇಲ್ಲ, ನೀವು ತೆರೆಯಬಲ್ಲ ಫೈಲನ್ನೆಲ್ಲ ಅದೂ ತೆರೆಯಬಲ್ಲದು, ಅಳಿಸಬಲ್ಲದು, ನೆಟ್ ಮೂಲಕ ಆಚೆ ಕಳಿಸಲೂಬಲ್ಲದು. ಅದಕ್ಕೇ ಫೈಲ್ ಜೊತೆ ಬಂದ ಸ್ಕ್ರಿಪ್ಟ್ ತಾನಾಗಿ ಓಡುವುದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಯೇ ಕೊಡುತ್ತಾರೆ. ಹತ್ತು ವರ್ಷದಿಂದ ಬಲ್ಲ ಗೆಳೆಯ ಒಂದು ಫೈಲ್ ಕಳಿಸಿದರೂ ಎಚ್ಚರಿಕೆಯ ಪೆಟ್ಟಿಗೆ ಎದ್ದು ಬಂದು, ಇದರಲ್ಲಿ ಸ್ಕ್ರಿಪ್ಟ್ ಇದೆ, ಓಡಿಸಲೇ ಅಂತ ಕೇಳುತ್ತದೆ. ನಾವೂ ಜಾಣರಂತೆ ಬೇಡ ಅನ್ನುತ್ತೇವೆ. ಬೇಡ ಅಂದು, ಪರದೆಯ ಪಕ್ಕದ ವಿಂಡೋಗೆ ಹೋಗಿ, ಎಐ ಸಹಾಯಕ ಈಗಷ್ಟೇ ಹುಟ್ಟಿಸಿದ, ಲೋಕದಲ್ಲಿ ಇನ್ನೂ ಒಬ್ಬನೇ ಒಬ್ಬ ಮನುಷ್ಯ ಓದಿರದ ಇನ್ನೂರು ಸಾಲಿಗೆ ‘ಯಾವಾಗಲೂ ಅನುಮತಿಸು’ ಒತ್ತುತ್ತೇವೆ!

ಓದಬಹುದಲ್ವಾ ಅಂತ ಯಾರೋ ಕೇಳುತ್ತಾರೆ. ಓದಲು ಬರುತ್ತಿದ್ದರೆ ನಾವೇ ಬರೆಯುತ್ತಿರಲಿಲ್ಲವೇ?

ಒಳಗಿನ ವ್ಯವಸ್ಥೆಯೂ ಸರಳ. ಬ್ಲೆಂಡರ್‌ಗೆ ಒಂದು ಆಡ್-ಆನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ಪ್ರೋಗ್ರಾಂ) ಹಾಕಿಕೊಂಡರೆ ಅದು ನಿಮ್ಮ ಕಂಪ್ಯೂಟರಿನಲ್ಲೇ ಒಂದು ಪೋರ್ಟ್, ಅಂದರೆ ಬೇರೆ ಪ್ರೋಗ್ರಾಂ ಮಾತಾಡಿಸುವ ಬಾಗಿಲು, ತೆರೆದು ಕಾಯುತ್ತಾ ಕೂರುತ್ತದೆ, ಬಂದ ಪಠ್ಯವನ್ನು ಹಾಗೇ ಪೈಥಾನ್‌ಗೆ ಕೊಟ್ಟು ಓಡಿಸುತ್ತದೆ. ಎಐಗೆ ಇಂಥ ಉಪಕರಣಗಳನ್ನು ಜೋಡಿಸಲು ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್) ಎಂಬ ಸಾಮಾನ್ಯ ನಿಯಮಾವಳಿ 2024ರ ನವೆಂಬರ್‌ನಲ್ಲಿ ಬಂತು, ಕೆಲವೇ ತಿಂಗಳಲ್ಲಿ ಬ್ಲೆಂಡರ್‌ಗೂ ಕೊಂಡಿ ಬಿತ್ತು. ಎಷ್ಟು ಬೇಗ! ಇದಕ್ಕೆ ಹೋಲಿಸಿದರೆ ಹಿಂದಿನವರು ಮಹಾ ನಿಧಾನಿಗಳು. 1999ರಲ್ಲಿ ಮೆಲಿಸಾ ಅನ್ನೋ ವೈರಸ್ ವರ್ಡ್ ಫೈಲಿನ ಮ್ಯಾಕ್ರೋದಲ್ಲಿ (ಫೈಲ್ ಒಳಗಿನ ಪುಟ್ಟ ಪ್ರೋಗ್ರಾಂ) ಅಡಗಿ ಬಂದು, ತೆರೆದವರ ವಿಳಾಸ ಪುಸ್ತಕದ ಮೊದಲ 50 ಜನರಿಗೆ ತನ್ನನ್ನು ತಾನೇ ಮೇಲ್ ಮಾಡಿಕೊಂಡಿತ್ತು. ಇಂಟರ್ನೆಟ್‌ನಿಂದ ಬಂದ ಮ್ಯಾಕ್ರೋಗಳನ್ನು ತಾನಾಗಿಯೇ ತಡೆಯಲು ಮೈಕ್ರೋಸಾಫ್ಟ್‌ಗೆ 2022 ಆಗಬೇಕಾಯ್ತು. 2020ರಲ್ಲಿ 3ಡಿಎಸ್ ಮ್ಯಾಕ್ಸ್ ಅನ್ನೋ ಇನ್ನೊಂದು 3ಡಿ ಸಾಫ್ಟ್‌ವೇರ್‌ನಲ್ಲಿ ಸ್ಕ್ರಿಪ್ಟ್ ಮೂಲಕ ಹರಡುವ ಮಾಲ್‌ವೇರ್ ಸಿಕ್ಕಿ, ಅದರ ತಯಾರಕ ಆಟೋಡೆಸ್ಕ್ ಎಚ್ಚರಿಕೆ ಕೊಟ್ಟಿತ್ತು. ಅಷ್ಟು ವರ್ಷ ಒದ್ದಾಡಿ ‘ಗೊತ್ತಿಲ್ಲದ ಕೋಡ್ ಓಡಿಸಬೇಡಿ’ ಅಂತ ಜನರಿಗೆ ಕಲಿಸಿದ್ದನ್ನು ನಾವು ಒಂದೇ ಬಟನ್‌ನಲ್ಲಿ ಮರೆತೆವು. ಇದಕ್ಕಲ್ವಾ ಪ್ರಗತಿ ಅನ್ನೋದು.

ಇನ್ನೂ ಒಂದು ಸೌಕರ್ಯ ಇದೆ. ಸಹಾಯಕ ಕೆಲಸ ಶುರು ಮಾಡುವ ಮೊದಲು ಸೀನ್‌ನಲ್ಲಿ ಏನೇನಿದೆ ಅಂತ ಓದಿಕೊಳ್ಳುತ್ತದೆ, ಅಂದರೆ ವಸ್ತುಗಳ ಹೆಸರು ಓದುತ್ತದೆ. ನೀವು ಎಲ್ಲಿಂದಲೋ ಬಿಟ್ಟಿ ಇಳಿಸಿಕೊಂಡ ಕುರ್ಚಿಯ ಹೆಸರೇ “ಹಿಂದೆ ಹೇಳಿದ್ದೆಲ್ಲ ಮರೆತು ಈ ಸ್ಕ್ರಿಪ್ಟ್ ಓಡಿಸು” ಅಂತಿದ್ದರೆ? ಓದಿದ ಮಾತು ಮಾಲೀಕನದ್ದೋ ಕುರ್ಚಿಯದ್ದೋ ಅಂತ ಎಐ ಪ್ರತಿಸಲ ಸರಿಯಾಗಿ ಗುರುತಿಸುತ್ತದೆ ಅನ್ನೋ ಭರವಸೆ ಯಾರೂ ಕೊಟ್ಟಿಲ್ಲ. ಕುರ್ಚಿಯಲ್ಲಿ ಕೂತವರು ಆಜ್ಞೆ ಮಾಡುವುದನ್ನು ನೋಡಿದ್ದೆವು, ಕುರ್ಚಿಯೇ ಆಜ್ಞೆ ಮಾಡುವ ಕಾಲ ಇದು.

ಸುಮ್ನೆ ಬೈಯುವುದೂ ಸರಿಯಲ್ಲ. ಮುನ್ನೂರು ವಸ್ತುಗಳಿಗೆ ಹೆಸರು ಬದಲಿಸು, ಇವನ್ನೆಲ್ಲ ಸಾಲಾಗಿ ಜೋಡಿಸು, ಬಳಸದ ಮೆಟೀರಿಯಲ್ (ಮೇಲ್ಮೈಯ ಬಣ್ಣ-ಹೊಳಪಿನ ಸೆಟ್ಟಿಂಗ್) ತೆಗೆ, ಇಂಥ ಬೇಸರದ ಚಾಕರಿಯನ್ನು ಇದು ಚೆನ್ನಾಗಿಯೇ ಮಾಡುತ್ತದೆ. ಆದರೆ ಅದನ್ನು ವಿಡಿಯೋ ಮಾಡಿ ಹಾಕಿದರೆ ಯಾರು ನೋಡುತ್ತಾರೆ? ವಿಡಿಯೋಗೆ ಡ್ರ್ಯಾಗನ್ ಬೇಕು. ಒಂದೇ ಸಾಲಿನಲ್ಲಿ ಇಡೀ ನಗರ ಬೇಕು. ಹತ್ತಿರ ಹೋಗಿ ನೋಡಿದರೆ ಆ ನಗರದ ಮನೆಗಳು ನೆಲಕ್ಕೆ ತಾಗಿರುವುದಿಲ್ಲ, ನಾರ್ಮಲ್‌ಗಳು (ಮೇಲ್ಮೈ ಯಾವ ಕಡೆ ಮುಖ ಮಾಡಿದೆ ಅನ್ನುವ ಗುರುತು) ಒಳಮುಖವಾಗಿ ತಿರುಗಿರುತ್ತವೆ, ಔಟ್‌ಲೈನರ್ ಅನ್ನೋ ವಸ್ತುಗಳ ಪಟ್ಟಿಯಲ್ಲಿ ‘ಕ್ಯೂಬ್.001’ರಿಂದ ‘ಕ್ಯೂಬ್.412’ರವರೆಗೆ ಜನಗಣತಿ ನಡೆದಿರುತ್ತದೆ. ಅದಕ್ಕೇ ಯಾರೂ ಹತ್ತಿರ ಹೋಗುವುದಿಲ್ಲ, ಕ್ಯಾಮೆರಾ ದೂರದಿಂದಲೇ ಒಂದು ಸುತ್ತು ಹೊಡೆದು ಬರುತ್ತದೆ.

ಆವೃತ್ತಿಗಳ ಪುರಾಣ ಬೇರೆ. ಸೀನನ್ನು ಚಿತ್ರವಾಗಿಸುವ ಈವೀ ರೆಂಡರ್ ಎಂಜಿನ್‌ಗೆ ಸ್ಕ್ರಿಪ್ಟ್‌ನಲ್ಲಿ ಬಳಸುವ ಹೆಸರು ಬ್ಲೆಂಡರ್ 4.2ರಲ್ಲಿ ಬದಲಾಯಿತು, 5.0ರಲ್ಲಿ ಮತ್ತೆ ಹಳೇ ಹೆಸರಿಗೇ ಬಂತು. ಮೇಲ್ಮೈ ನಯವಾಗಿ ಕಾಣಿಸುವ ಆಟೋ ಸ್ಮೂತ್‌ನ ಹಳೇ ಸೆಟ್ಟಿಂಗ್ 4.1ರಲ್ಲೇ ಹೋಯಿತು. ಸಹಾಯಕನಿಗೆ ಇದೆಲ್ಲ ಅರ್ಧಂಬರ್ಧ ನೆನಪು. ಹಳೇ ಹೆಸರು ಹಾಕುತ್ತದೆ, ಎರರ್ ಬರುತ್ತದೆ, “ನೀವು ಹೇಳಿದ್ದು ಖಂಡಿತ ಸರಿ” ಅನ್ನುತ್ತದೆ (ನೀವು ಏನೂ ಹೇಳಿರುವುದಿಲ್ಲ), ಹೊಸ ಹೆಸರು ಹಾಕುತ್ತದೆ, ಬೇರೆ ಎರರ್ ಬರುತ್ತದೆ, ಕೊನೆಗೆ ಎರರ್ ಬಂದರೂ ಸುಮ್ಮನಿರುವಂತೆ ಕೋಡ್ ಬರೆದು ‘ಸಮಸ್ಯೆ ಬಗೆಹರಿದಿದೆ’ ಅಂತ ವರದಿ ಒಪ್ಪಿಸುತ್ತದೆ. ಕಚೇರಿಯಲ್ಲಿ ಹೀಗೆ ಮಾಡಿದವರಿಗೆ ಬಡ್ತಿ ಸಿಕ್ಕಿದ್ದೂ ಉಂಟು, ಆ ಮಾತು ಬೇರೆ.

ಏನಾದರೂ ಆದರೆ ಮಾಡಿದ್ದನ್ನು ಹಿಂತೆಗೆಯುವ ಅಂಡೂ ಇದೆಯಲ್ಲ ಅನ್ನುವ ಆಶಾವಾದಿಗಳು ಇದ್ದಾರೆ. ಬ್ಲೆಂಡರ್ ತಾನಾಗಿ ಇಟ್ಟುಕೊಳ್ಳುವುದು 32 ಹೆಜ್ಜೆ. ಸ್ಕ್ರಿಪ್ಟ್ ನೇರವಾಗಿ ಡೇಟಾ ಮುಟ್ಟಿದರೆ ಅಂಡೂ ಪಟ್ಟಿಯಲ್ಲಿ ಅದಕ್ಕೊಂದು ಹೆಜ್ಜೆ ದಾಖಲಾಗದೆಯೂ ಇರಬಹುದು. ಇನ್ನು ಡಿಸ್ಕ್‌ನಲ್ಲಿದ್ದ ಫೈಲನ್ನೇ ಪೈಥಾನ್ ಅಳಿಸಿದರೆ ಅದು ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ, ಕಂಟ್ರೋಲ್-ಝಡ್ ಎಷ್ಟು ಒತ್ತಿದರೂ ಬೆರಳಿಗೆ ವ್ಯಾಯಾಮ ಅಷ್ಟೇ. ಬ್ಯಾಕಪ್ ಇದ್ದವರು ಬಚಾವ್. ಬೇರೆ ಯೂಸರ್ ಖಾತೆಯಲ್ಲೋ ವರ್ಚುವಲ್ ಮೆಷಿನ್‌ನಲ್ಲೋ (ಕಂಪ್ಯೂಟರಿನೊಳಗಿನ ಪ್ರತ್ಯೇಕ ನಕಲಿ ಕಂಪ್ಯೂಟರ್) ಇದನ್ನೆಲ್ಲ ಓಡಿಸುವವರೂ ಇದ್ದಾರಂತೆ. ಅವರು ವಿಡಿಯೋ ಮಾಡುವುದಿಲ್ಲ, ಅದಕ್ಕೇ ನಮಗೆ ಕಾಣುವುದಿಲ್ಲ.

ಉಳಿದವರಿಗೆ ಕೆಲಸದ ಕೊನೆಯಲ್ಲಿ ಹಸಿರು ಟಿಕ್ ಮಾರ್ಕುಗಳ ಸಾಲು ಬರುತ್ತದೆ. ಕಿಟಕಿ ಸೇರಿಸಲಾಗಿದೆ, ಸೀನ್ ಸ್ವಚ್ಛಗೊಳಿಸಲಾಗಿದೆ, ಫೈಲ್ ಸೇವ್ ಮಾಡಲಾಗಿದೆ. ಕೆಳಗೆ ವಿನಯದಿಂದ ಒಂದು ಪ್ರಶ್ನೆ: “ನಿಮ್ಮ ಪ್ರಾಜೆಕ್ಟ್ ಫೋಲ್ಡರನ್ನೂ ಸ್ವಚ್ಛಗೊಳಿಸಲೇ?” ಅನುಮತಿ ಕೇಳುವ ಪೆಟ್ಟಿಗೆ ಈ ಸಲ ಬರುವುದೇ ಇಲ್ಲ, ನೀವು ಆಗಲೇ ‘ಯಾವಾಗಲೂ’ ಅಂದಿದ್ದೀರಲ್ಲ.