ಸತ್ಯಾಂಶ: ನಾಯಿಮರಿಯ ಬೆಲೆ ಕಾಗದದ್ದಲ್ಲ

“ಲ್ಯಾಬ್ರಡಾರ್ ಮರಿ ಎಲ್ಲಿ ಕೊಂಡರೂ ಒಂದೇ, ಬ್ರೀಡರ್‌ಗಳು ವಂಶಾವಳಿಯ ಕಾಗದ ತೋರಿಸಿ ದುಪ್ಪಟ್ಟು ಹಣ ಕೀಳುತ್ತಾರೆ” ಎಂಬ ವಾಟ್ಸ್ಆ್ಯಪ್ ಸಂದೇಶ ಅರ್ಧಸತ್ಯ. ಕಾಗದ ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ.

ಖರ್ಚು ಇರುವುದು ಬೇರೆಡೆ. ಈ ತಳಿಯಲ್ಲಿ ಸೊಂಟದ ಕೀಲಿನ ದೋಷ ವಂಶಪಾರಂಪರ್ಯವಾಗಿ ಬರಬಹುದು. ಜವಾಬ್ದಾರಿಯುಳ್ಳ ಬ್ರೀಡರ್ ತಂದೆ-ತಾಯಿ ಎರಡಕ್ಕೂ ಎಕ್ಸ್-ರೇ ಮಾಡಿಸುತ್ತಾರೆ; ದೋಷ ಕಂಡರೆ ಆ ನಾಯಿಯಿಂದ ಮರಿ ಪಡೆಯುವುದಿಲ್ಲ. ಅದುವರೆಗೆ ಸಾಕಿದ್ದು ಕೈಯಿಂದ ಹೋದ ಲೆಕ್ಕ. 2017ರ ಕೇಂದ್ರ ನಿಯಮಗಳ ಪ್ರಕಾರ ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮುನ್ನ ಕ್ರಾಸ್ ಮಾಡಿಸುವಂತಿಲ್ಲ, 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಅಷ್ಟು ದಿನದ ಆಹಾರ, ಜಂತಿನ ಔಷಧ, ಪಾರ್ವೊ ಎಂಬ ವೈರಸ್ ರೋಗದ ಲಸಿಕೆ ಎಲ್ಲವೂ ಬೆಲೆಗೆ ಸೇರುತ್ತವೆ.

ದುಬಾರಿ ಮರಿಯೆಲ್ಲ ಒಳ್ಳೆಯದೆಂದೂ ಅಲ್ಲ. ಕೊಳ್ಳುವ ಮೊದಲು ತಾಯಿ ನಾಯಿಯನ್ನು ತೋರಿಸುವಂತೆ ಕೇಳಿ ನೋಡಿ. ಎಷ್ಟೋ ಅಂಗಡಿಗಳಲ್ಲಿ ಅದು ಇರುವುದೇ ಇಲ್ಲ.